ಹಾಡು ಶುರುವಾಗುವ ಮುಂಚೆಯೇ ಹಾಡು ಕೇಳಿಸುತ್ತಿದೆ! 24/96 ಟೇಪ್ ಟ್ರಾನ್ಸ್‌ಫರ್, ಡ್ಯಾಕ್ ಕೆಟ್ಟಿದೆಯಾ?

ತೋಟದಮನೆ (ನಾಪೋಕ್ಲು):

ನಮಸ್ಕಾರ. ನಾಲ್ಕು ದಿನದಿಂದ ತಲೆ ಕೆಟ್ಟು ಕೂತಿದ್ದೇನೆ, ಗೊತ್ತಿದ್ದವರು ದಾರಿ ತೋರಿಸಿ.

ಇಲ್ಲಿ ಬಿಡದೆ ಮಳೆ. ತೋಟಕ್ಕೆ ಕಾಲಿಡುವ ಹಾಗಿಲ್ಲ. ಹಾಡಾದರೂ ಕೇಳೋಣ ಅಂತ 1950ರ ದಶಕದ ಒಂದು ಜಾಝ್ ಆಲ್ಬಂ ಕೊಂಡೆ. ಹೆಣ್ಣು ದನಿ, ಪಿಯಾನೋ, ಬಾಸ್, ಅಷ್ಟೇ. ತಾತ ಸೈನ್ಯದಲ್ಲಿದ್ದಾಗ ಇದರ ಎಲ್‌ಪಿ (ಗ್ರಾಮಫೋನ್ ತಟ್ಟೆ) ತಂದಿದ್ದರು, ಈಗಲೂ ಮನೆಯಲ್ಲಿದೆ. ಈಗ ಕೊಂಡದ್ದು ಮೂಲ ಸ್ಪೂಲ್ ಟೇಪಿನಿಂದಲೇ 24 ಬಿಟ್, 96 ಕಿಲೋಹರ್ಟ್ಸ್‌ಗೆ (ಸಿಡಿಗಿಂತ ಸೂಕ್ಷ್ಮವಾದ ಡಿಜಿಟಲ್ ಫೈಲ್) ಇಳಿಸಿದ್ದಂತೆ. ಟೇಪಿನ ವೇಗ ಸೆಕೆಂಡಿಗೆ 15 ಇಂಚು ಅಂತಲೂ ಬರೆದಿದ್ದಾರೆ. ನನ್ನ ಸೆಟ್ಟು: ವಿಂಡೋಸ್ ಲ್ಯಾಪ್‌ಟಾಪ್, ಯುಎಸ್‌ಬಿಗೆ ಸಿಕ್ಕಿಸುವ ಸಣ್ಣ ಡ್ಯಾಕ್ (ಡಿಜಿಟಲ್ ಫೈಲನ್ನು ಹೆಡ್‌ಫೋನಿನ ಸದ್ದಾಗಿಸುವ ಪೆಟ್ಟಿಗೆ), ಹೆಡ್‌ಫೋನ್.

ಒಂದನೇ ತೊಂದರೆ ಇದು. ಮೊದಲ ಹಾಡನ್ನು ಆಕೆ ವಾದ್ಯವಿಲ್ಲದೆ ಎತ್ತಿಕೊಳ್ಳುತ್ತಾಳೆ. ಅದಕ್ಕೆ ಒಂದೆರಡು ಸೆಕೆಂಡು ಮುಂಚೆ, ಎಲ್ಲಾ ಮೌನವಾಗಿರುವಾಗ, ಅದೇ ಪದ ಅದೇ ದನಿಯಲ್ಲಿ ಪಿಸುಗುಟ್ಟಿದ ಹಾಗೆ ಕೇಳಿಸುತ್ತದೆ. ಪಕ್ಕದ ಕೋಣೆಯಲ್ಲಿ ಯಾರೋ ಹಾಡಿದಂತೆ. ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನ್ ತೆಗೆದು ಬಾಗಿಲು ನೋಡಿ ಬಂದಿದ್ದೇನೆ, ನಗಬೇಡಿ.

ಎರಡನೆಯದು, ಒಮ್ಮೊಮ್ಮೆ ಹಿಂದೆ ಚರ್ರ್ ಅಂತ ಒಂದು ಸದ್ದು. ಮೂರನೆಯದು, ಡ್ಯಾಕಿನ ದೀಪ 96ಕ್ಕೆ ಹಸಿರು ಆಗಬೇಕು, ಯಾವಾಗಲೂ 48ರ ನೀಲಿಯೇ ಇರುತ್ತದೆ.

ಡ್ಯಾಕ್ ವಾಪಸ್ ಕಳಿಸಲಾ?

ಬೈಕುಸವಾರ (ಕುಶಾಲನಗರ):

ಡ್ಯಾಕ್ ಬೇಡ, ಫೈಲ್ ವಾಪಸ್ ಕಳಿಸಿ 😀 ಎಂಪಿ3 ಕೇಳಿಕೊಂಡು ಆರಾಮಾಗಿರಿ ಮಾರಾಯ್ರೆ. 24/96 ಎಲ್ಲಾ ಸುಮ್ನೆ ದುಡ್ಡು ಕೀಳುವ ದಂಧೆ.

ಹಳೇಸ್ಪೂಲು (ಮಡಿಕೇರಿ):

ತೋಟದಮನೆಯವರೇ, ಏನನ್ನೂ ಕಳಿಸಬೇಡಿ. ಮೊದಲು ಒಂದು ಕೆಲಸ ಮಾಡಿ. ಆ ಪಿಸುದನಿ ಎಷ್ಟನೇ ಸೆಕೆಂಡಿಗೆ ಬರುತ್ತದೆ ಬರೆದುಕೊಳ್ಳಿ. ಮತ್ತೆ ಹಾಕಿ. ಆಮೇಲೆ ಅದೇ ಫೈಲನ್ನು ಫೋನಿನಲ್ಲಿ ಹಾಕಿ. ಪ್ರತಿ ಸಲವೂ ಅದೇ ಸೆಕೆಂಡಿಗೆ ಬಂದರೆ ಅದು ಫೈಲಿನೊಳಗೇ ಇದೆ. ಬಂದಲ್ಲಿ ಬಂತು, ಹೋದಲ್ಲಿ ಹೋಯಿತು ಅನ್ನುವ ಹಾಗಿದ್ದರೆ ನಿಮ್ಮ ಮನೆಯದು. ಚರ್ರ್ ಸದ್ದಿಗೂ ಇದೇ ಪರೀಕ್ಷೆ.

ಪಿಸುದನಿ ಏನು ಅಂತ ನನಗೆ ಹೆಚ್ಚುಕಡಿಮೆ ಗೊತ್ತು. ಆದರೂ ನೋಡಿ ಹೇಳಿ.

ತೋಟದಮನೆ (ನಾಪೋಕ್ಲು):

ನೋಡಿದೆ ಸರ್. ಪಿಸುದನಿ ಫೋನಿನಲ್ಲೂ ಅದೇ ಜಾಗದಲ್ಲಿ ಇದೆ. ಚರ್ರ್ ಮಾತ್ರ ಫೋನಿನಲ್ಲಿ ಇಲ್ಲವೇ ಇಲ್ಲ. ಲ್ಯಾಪ್‌ಟಾಪಿನಲ್ಲೂ ಹಗಲು ಇರುವುದಿಲ್ಲ, ರಾತ್ರಿ ಬರುತ್ತದೆ.

ಹಳೇಸ್ಪೂಲು (ಮಡಿಕೇರಿ):

ರಾತ್ರಿ ಅಂದರೆ ಕರೆಂಟ್ ಹೋಗಿ ಇನ್ವರ್ಟರ್ ಮೇಲಿರುವಾಗ, ಅಲ್ವಾ? ಹಳೇ ಇನ್ವರ್ಟರ್ ಆಗಿದ್ದರೆ ಸ್ಕ್ವೇರ್ ವೇವ್, ಅಂದರೆ ನಯವಿಲ್ಲದ ಚೌಕದಲೆಯ ಕರೆಂಟ್ ಇರುತ್ತದೆ. ಫ್ಯಾನು ಕೂಡ ಗುಂಯ್ ಅನ್ನುತ್ತಿರಬೇಕು. ಆ ಗಲೀಜು ಚಾರ್ಜರ್ ಮೂಲಕ ಲ್ಯಾಪ್‌ಟಾಪಿಗೆ, ಅಲ್ಲಿಂದ ಯುಎಸ್‌ಬಿ ತಂತಿ ಹಿಡಿದು ಡ್ಯಾಕಿಗೆ ಇಳಿಯುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಕೇಳಿ. ಹೋಗದಿದ್ದರೆ ನನ್ನನ್ನು ಕೇಳಿ.

ನೀಲಿ ದೀಪ ಸುಲಭ. ವಿಂಡೋಸ್ ಎಲ್ಲಾ ಸದ್ದನ್ನೂ ಒಂದೇ ಅಳತೆಗೆ ತಂದು ಕಳಿಸುತ್ತದೆ. ನಿಮ್ಮಲ್ಲಿ ಅದು 48ಕ್ಕೆ ನಿಂತಿದೆ. ಫೂಬಾರ್2000 ಅನ್ನುವ ಪ್ಲೇಯರ್ ಹಾಕಿಕೊಳ್ಳಿ. ಔಟ್‌ಪುಟ್ ಪಟ್ಟಿಯಲ್ಲಿ ನಿಮ್ಮ ಡ್ಯಾಕಿನ ಹೆಸರು ಎರಡು ಸಲ ಇರುತ್ತದೆ. ಎಕ್ಸ್‌ಕ್ಲೂಸಿವ್ ಅಂತ ಇರುವುದನ್ನು ಆರಿಸಿ. ದೀಪ ತಾನಾಗಿ ಹಸಿರಾಗುತ್ತದೆ. ಟಕ್ ಟಕ್ ಅಂತ ಕತ್ತರಿಸಿದರೆ ಬಫರ್ ಸ್ವಲ್ಪ ಜಾಸ್ತಿ ಮಾಡಿ. ಬ್ಲೂಟೂತ್ ಹೆಡ್‌ಫೋನ್ ಇದ್ದರೆ ಪಕ್ಕಕ್ಕಿಡಿ, ಅದರಲ್ಲಿ ಈ ಕಷ್ಟವೆಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಇನ್ನು ನಿಮ್ಮ ದೆವ್ವ. ಅದರ ಹೆಸರು ಪ್ರಿಂಟ್ ಥ್ರೂ. ಸ್ಪೂಲಿನಲ್ಲಿ ಟೇಪು ಒಂದರ ಮೇಲೊಂದು ಸುತ್ತಿಕೊಂಡು ವರ್ಷಗಟ್ಟಲೆ ಕೂತಿರುತ್ತದೆ. ಜೋರಾಗಿ ಹಾಡಿದ ಜಾಗದ ಕಾಂತಶಕ್ತಿ ಮೇಲಿನ ಸುತ್ತಿಗೂ ಕೆಳಗಿನ ಸುತ್ತಿಗೂ ಸ್ವಲ್ಪ ಅಂಟಿಕೊಳ್ಳುತ್ತದೆ. ಒದ್ದೆ ಶಾಯಿಯ ಪುಟ ಮುಚ್ಚಿದರೆ ಎದುರು ಪುಟದಲ್ಲಿ ಅಚ್ಚು ಬೀಳುತ್ತದಲ್ಲ, ಹಾಗೇ. ಶೆಕೆ ಇರುವ ಕಡೆ ಇಟ್ಟರೆ ಇನ್ನೂ ಜಾಸ್ತಿ. ಟೇಪಿನ ಶುರು ಹೊರಗಿರುವಂತೆ ಸುತ್ತಿಟ್ಟರೆ ದನಿಯ ಮುಂಚಿನ ಅಚ್ಚು ಜೋರು. ಕೊನೆ ಹೊರಗಿರುವಂತೆ ಸುತ್ತಿಟ್ಟರೆ ದನಿಯ ನಂತರದ್ದು ಜೋರು, ಅದು ಹಾಡಿನ ಗುಂಗಿನಲ್ಲೇ ಮುಚ್ಚಿಹೋಗುತ್ತದೆ. ಅದಕ್ಕೇ ತಿಳಿದವರು ಹಾಡಿಸಿ ಮುಗಿದ ಮೇಲೆ ಹಿಂದಕ್ಕೆ ಸುತ್ತದೆ ಹಾಗೇ ಡಬ್ಬಿಗೆ ಹಾಕುತ್ತಾರೆ.

ಈಗ ಒಂದು ಮಜಾ. ಎಲ್‌ಪಿಯಲ್ಲೂ ಇಂಥ ಮುನ್ನುಡಿ ಕೇಳಿಸುತ್ತದೆ, ಪಕ್ಕದ ಗೆರೆ ಈ ಗೆರೆಯನ್ನು ಒತ್ತಿರುತ್ತದೆ. ಆದರೆ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು. ಅಂದರೆ ಸುತ್ತಿಗೆ 1.8 ಸೆಕೆಂಡು. ಮೊದಲ ಹಾಡಿಗೂ 1.8, ಕೊನೆಯ ಹಾಡಿಗೂ 1.8. ಸ್ಪೂಲು ಹಾಗಲ್ಲ. ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಅಂತರ ಕಡಿಮೆಯಾಗುತ್ತಾ ಹೋಗಬೇಕು. ಆಡಾಸಿಟಿ ಅನ್ನುವ, ಸದ್ದು ತಿದ್ದುವ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದು, ಮೌನದ ಜಾಗವನ್ನು 30 ಡೆಸಿಬಲ್ ಏರಿಸಿ, ಪಿಸುದನಿಗೂ ನಿಜ ದನಿಗೂ ನಡುವೆ ಎಷ್ಟು ಅಂತ ಅಳೆಯಿರಿ. ಮೌನದಿಂದ ಶುರುವಾಗುವ ಎಲ್ಲಾ ಹಾಡುಗಳಲ್ಲೂ ಅಳೆಯಿರಿ. ಎಲ್ಲಾ ಕಡೆ 1.8 ಬಂದರೆ ನಿಮಗೆ ಎಲ್‌ಪಿಯನ್ನೇ ಇಳಿಸಿ ಟೇಪು ಅಂತ ಮಾರಿದ್ದಾರೆ.

ಬೈಕುಸವಾರರೇ, ನಿಮ್ಮ ಮಾತು ಪೂರ್ತಿ ಸುಳ್ಳಲ್ಲ. ಆ ಕಾಲದ ಟೇಪಿನಲ್ಲಿ ಸಂಗೀತಕ್ಕೂ ಸೊಂಯ್ ಸದ್ದಿಗೂ ನಡುವಿನ ಅಂತರ 60 ಡೆಸಿಬಲ್ ಆಸುಪಾಸು. ಸಿಡಿಯ 16 ಬಿಟ್ಟಿಗೇ 96 ಡೆಸಿಬಲ್ ಸಿಗುತ್ತದೆ. 24 ಬಿಟ್ ಅಂದ ಮಾತ್ರಕ್ಕೆ ಸೊಂಯ್ ಹೋಗುವುದಿಲ್ಲ. ನಾನು ದುಡ್ಡು ಕೊಡುವುದು ಅಂಕೆಗಲ್ಲ. ಯಾವ ಟೇಪು, ಎಷ್ಟನೇ ನಕಲು, ಹಾಡಿಸುವಾಗ ಟೇಪು ಓದುವ ಹೆಡ್ಡಿನ ಓರೆ ಸರಿಮಾಡಿದ್ದರಾ, ಅದಕ್ಕೆ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ಕೈಂಡ್ ಆಫ್ ಬ್ಲೂ ಆಲ್ಬಂ ನೋಡಿ. 1959ರ ಮಾರ್ಚಿನಲ್ಲಿ ಮುದ್ರಿಸುವಾಗ ಮುಖ್ಯ ಯಂತ್ರ ಸ್ವಲ್ಪ ನಿಧಾನ ಓಡಿತ್ತು. ಹಾಗಾಗಿ ಸರಿಯಾದ ವೇಗದಲ್ಲಿ ಹಾಡಿಸಿದಾಗ ಎಲ್‌ಪಿಯ ಮೊದಲ ಬದಿಯ ಮೂರೂ ಹಾಡುಗಳ ಶ್ರುತಿ ಏರಿಯೇ ಇತ್ತು. ಜೊತೆಯಲ್ಲೇ ಓಡುತ್ತಿದ್ದ ಎರಡನೇ ಯಂತ್ರದ ಟೇಪು ಹಿಡಿದು ಸರಿಮಾಡಿದ್ದು 1992ರಲ್ಲಿ. ಆ ಮುಖ್ಯ ಯಂತ್ರದ ಟೇಪನ್ನು ನೀವು 192 ಕಿಲೋಹರ್ಟ್ಸ್‌ಗೆ ಇಳಿಸಿದರೂ ಶ್ರುತಿ ಇಳಿಯುತ್ತಿರಲಿಲ್ಲ.

ಬೈಕುಸವಾರ (ಕುಶಾಲನಗರ):

ಓಕೆ ಓಕೆ, ಒಪ್ಪಿದೆ. ಜಾಗ ಎಷ್ಟು ತಿನ್ನುತ್ತದೆ ಇದು?

ಹಳೇಸ್ಪೂಲು (ಮಡಿಕೇರಿ):

ಗಂಟೆಗೆ ಸುಮಾರು 2 ಜಿಬಿ. ಫ್ಲಾಕ್ (ಗುಣ ಕೆಡದೆ ಗಾತ್ರ ಕುಗ್ಗಿಸಿದ ಫೈಲ್) ಮಾಡಿದರೆ ಹೆಚ್ಚುಕಡಿಮೆ ಅರ್ಧ.

ಏಲಕ್ಕಿ (ಸೋಮವಾರಪೇಟೆ):

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಅಪ್ಪ ಹುತ್ತರಿ ಸಮಯದಲ್ಲಿ ದುಡಿ ಹಾಡು ಮುದ್ರಿಸಿಕೊಂಡ ಎರಡು ಸ್ಪೂಲು ಅಟ್ಟದಲ್ಲಿ ಸಿಕ್ಕಿದೆ. ಮೇಲೆ ಬಿಳಿ ಬೂಷ್ಟು. ಅಗ್ಗಿಷ್ಟಿಕೆ ಹತ್ತಿರ ಬಟ್ಟೆ ಜೊತೆ ಇಟ್ಟರೆ ಒಣಗುತ್ತದಾ?

ಹಳೇಸ್ಪೂಲು (ಮಡಿಕೇರಿ):

ಅಕ್ಕಾ, ಬೇಡವೇ ಬೇಡ! ಬೆಂಕಿ, ಹೊಗೆ, ಬಿಸಿಲು ಯಾವುದೂ ಬೇಡ. ಯಂತ್ರಕ್ಕೂ ಹಾಕಬೇಡಿ, ಬೂಷ್ಟು ಹೆಡ್ಡಿಗೆಲ್ಲಾ ಮೆತ್ತಿಕೊಂಡು ಬೇರೆ ಟೇಪಿಗೂ ಹರಡುತ್ತದೆ. ಮುಟ್ಟುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಎದೆಗೆ ಒಳ್ಳೆಯದಲ್ಲ. ಸದ್ಯಕ್ಕೆ ಗಟ್ಟಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅಷ್ಟೇ.

ಸ್ಪೂಲನ್ನು ಕಿಟಕಿಗೆ ಅಡ್ಡ ಹಿಡಿದು ನೋಡಿ. ಸುತ್ತಿನ ಮೂಲಕ ಬೆಳಕು ಕಂಡರೆ ಅಸಿಟೇಟ್ (ಹಳೇ ಬಗೆಯ ಪ್ಲಾಸ್ಟಿಕ್ ಟೇಪು), ಕಾಣದಿದ್ದರೆ ಪಾಲಿಯೆಸ್ಟರ್ ಇರಬೇಕು. ಮೂಗಿಗೆ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಹಾಳಾಗಲು ಶುರುವಾಗಿದೆ ಅಂತ. ಟೇಪನ್ನು ಬಿಸಿಮಾಡಿ ಸರಿಮಾಡುವ ವಿಡಿಯೋಗಳು ಸಿಗುತ್ತವೆ. ಅದು 1970ರ ದಶಕದ ನಂತರದ, ತೇವ ಕುಡಿದು ಅಂಟಾಗುವ ಕೆಲವು ಟೇಪುಗಳಿಗೆ ಮಾತ್ರ. ಅಸಿಟೇಟನ್ನು ಬಿಸಿಮಾಡಿದರೆ ಕತೆ ಮುಗಿಯಿತು. ಅಪ್ಪನ ದನಿ ಇನ್ನೊಂದು ಕಡೆ ಇಲ್ಲ, ಹಾಗಾಗಿ ಕೈಯಳತೆಯ ಪ್ರಯೋಗ ಬೇಡ. ಬೇರೆ ಥ್ರೆಡ್ ತೆರೆಯಿರಿ, ಫೋಟೋ ಹಾಕಿ, ನಿಧಾನಕ್ಕೆ ನೋಡೋಣ.

ತೋಟದಮನೆ (ನಾಪೋಕ್ಲು):

ಸರ್, ದೀಪ ಹಸಿರಾಯಿತು. ಚಾರ್ಜರ್ ಕಿತ್ತ ಕೂಡಲೇ ಚರ್ರ್ ಕೂಡ ಹೋಯಿತು. ಬ್ಯಾಟರಿ ಮೂರು ಗಂಟೆ ಬರುತ್ತದೆ, ಸಾಕು.

ಅಳೆದೆ. ಮೌನದಿಂದ ಶುರುವಾಗುವ ಹಾಡು ಐದಿವೆ. ಮೊದಲ ಹಾಡು 1.7 ಸೆಕೆಂಡು. ಎಲ್‌ಪಿಯದೇ ಇರಬೇಕು, ಮೋಸಹೋದೆ ಅಂದುಕೊಂಡು ಎದ್ದುಹೋಗಿ ಕಾಫಿ ಕುಡಿದು ಬಂದೆ. ಮೂರನೆಯದು 1.4. ಐದನೆಯದು 1.1. ಆದರೆ ಆರನೇ ಹಾಡು ಮತ್ತೆ 1.7! ಒಂಬತ್ತನೆಯದು 1.3. ನಾನೇ ತಪ್ಪು ಅಳೆದೆನಾ ಅಂತ ಎರಡು ಸಲ ನೋಡಿದೆ, ಅಷ್ಟೇ ಬರುತ್ತದೆ.

ಹಳೇಸ್ಪೂಲು (ಮಡಿಕೇರಿ):

ಸರಿಯಾಗಿಯೇ ಅಳೆದಿದ್ದೀರಿ. ತಾತನ ಎಲ್‌ಪಿ ತೆಗೆದು ನೋಡಿ. ಆರನೇ ಹಾಡು ಎರಡನೇ ಬದಿಯ ಮೊದಲನೆಯದಾ?

ತೋಟದಮನೆ (ನಾಪೋಕ್ಲು):

ಹೌದು ಸರ್!! ಬದಿಗೆ ಐದೈದು ಹಾಡು.

ಹಳೇಸ್ಪೂಲು (ಮಡಿಕೇರಿ):

ಬದಿಗೊಂದು ಸ್ಪೂಲು. ಐದನೇ ಹಾಡು ಮುಗಿದ ಮೇಲೆ ಯಾರೋ ಎದ್ದು ಎರಡನೆಯದನ್ನು ಯಂತ್ರಕ್ಕೆ ಏರಿಸಿದ್ದಾರೆ. ಟೇಪಿನಿಂದಲೇ ಇಳಿಸಿದ್ದು. ಮುನ್ನುಡಿಯೇ ಜೋರಾಗಿದೆ ಅಂದರೆ ಹಿಂದಕ್ಕೆ ಸುತ್ತಿಯೇ ಡಬ್ಬಿಗೆ ಹಾಕಿದ್ದರು ಅಂತಲೂ ಗೊತ್ತಾಯಿತು. ಬೈದುಕೊಳ್ಳಿ ಬೇಕಾದರೆ.

ತೋಟದಮನೆ (ನಾಪೋಕ್ಲು):

ಬೈಯುವುದಿಲ್ಲ ಸರ್, ಅಭ್ಯಾಸವಾಗಿದೆ. ಈಗ ಆಕೆ ಪಿಸುಗುಟ್ಟಿದ ಮೇಲೆಯೇ ನಾನು ಕಾಫಿ ಲೋಟ ಕೆಳಗಿಡುವುದು.