ಅಮೆರಿಕದಿಂದ ಬಂದ ಟ್ರಿಮ್ಮರ್ ಚಾರ್ಜೇ ಆಗ್ತಿಲ್ಲ, ಯಾವ ಚಾರ್ಜರ್ ಹಾಕ್ಲಿ?

ಕುಂದಾಪ್ರದ ಕುವರ:
ನಮ್ಮಣ್ಣ ನ್ಯೂಜೆರ್ಸಿಯಿಂದ ಬರೋವಾಗ ನಂಗೊಂದು ಟ್ರಿಮ್ಮರ್, ಅಮ್ಮಂಗೆ ಅತ್ತಿಗೆಯ ಹೇರ್ ಡ್ರೈಯರ್ ತಂದ್ಕೊಟ್ಟ. ಟ್ರಿಮ್ಮರಲ್ಲಿ ಟೈಪ್ ಸಿ ಪೋರ್ಟ್ ಇದೆ ಆದ್ರೆ ಚಾರ್ಜರ್ ಕೊಟ್ಟಿಲ್ಲ, ಗೇಣುದ್ದದ ಕೇಬಲ್ ಮಾತ್ರ. ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರಿಗೆ ಎರಡೂ ಕಡೆ ಸಿ ಇರೋ ಕೇಬಲ್ ಹಾಕಿದೆ, ಲೈಟೇ ಬರ್ಲಿಲ್ಲ. ಜಾಸ್ತಿ ವ್ಯಾಟ್ ಆಗಿ ಸುಟ್ಟೋಯ್ತಾ?? ಡ್ರೈಯರಿಗೆ ಪಿನ್ ಕನ್ವರ್ಟರ್ ತಂದ್ರೆ ಸಾಕಾ?

ಬೆಸುಗೆ ಭಟ್ಟ:
ಸುಟ್ಟಿಲ್ಲ ಮಾರಾಯ. ಹಂಡೆ ದೊಡ್ಡದಾಯ್ತು ಅಂತ ಚೊಂಬು ಒಡೆಯತ್ತಾ, ಚೊಂಬಿಗೆ ಬೇಕಾದಷ್ಟೇ ನೀರು ತಗೊಳ್ಳತ್ತೆ. ಸಿ ಪೋರ್ಟಿನ ಚಾರ್ಜರ್ ಆ ಕಡೆ ಒಂದು ಸಾಧನ ಇದೆ ಅಂತ ಗೊತ್ತಾಗೋವರೆಗೂ ಕರೆಂಟೇ ಬಿಡಲ್ಲ, ಗೊತ್ತಾಗೋದಕ್ಕೆ ಟ್ರಿಮ್ಮರ್ ಒಳಗೆ 5.1 ಕಿಲೋಓಮಿನ ಎರಡು ರೆಸಿಸ್ಟರ್ (ಕರೆಂಟ್ ತಡೆಯೋ ಪುಟ್ಟ ಬಿಡಿಭಾಗ) ಇರ್ಬೇಕು, ಅಗ್ಗದ ಐಟಮ್ಮಲ್ಲಿ ನಾಲ್ಕಾಣೆ ಉಳಿಸೋಕೆ ಅದನ್ನೇ ಹಾಕಿರಲ್ಲ. ಬಾಕ್ಸಲ್ಲಿ ಬಂದ ಕೇಬಲ್ ಒಂದು ಕಡೆ ಹಳೇ ಅಗಲದ ಯುಎಸ್‌ಬಿ ಎ ಇರ್ಬೇಕಲ್ಲ? ಅದನ್ನೇ ಹಳೇ ಫೋನ್ ಚಾರ್ಜರಿಗೆ ಹಾಕಿ ನೋಡು, ಅದ್ರಲ್ಲಿ 5 ವೋಲ್ಟ್ ಯಾವಾಗ್ಲೂ ಬರ್ತಾನೇ ಇರತ್ತೆ.

ಮೈಸೂರು ಮೀಟರ್:
ಡ್ರೈಯರ್ ಮಾತ್ರ ಮುಟ್ಬೇಡಿ ಸಾರ್, ಮೊದ್ಲು ಅದ್ರ ಲೇಬಲ್ ಓದಿ. 100-240 ವೋಲ್ಟ್ ಅಂತಿದ್ರೆ ಸರಿ, ಬರೀ 120 ಅಥವಾ 125 ಅಂತಿದ್ರೆ ಕನ್ವರ್ಟರ್ ಪಿನ್ ಆಕಾರ ಬದಲಾಯ್ಸತ್ತೆ ಅಷ್ಟೇ, ವೋಲ್ಟೇಜ್ ಅಲ್ಲ. ನಮ್ಮ 230ಕ್ಕೆ ಹಾಕಿದ್ರೆ ಕಾಯಿಲ್ ಮೂರು ಪಟ್ಟಿಗಿಂತ ಜಾಸ್ತಿ ಪವರ್ ಎಳೆಯತ್ತೆ, ಒಂದೇ ಸಲಕ್ಕೆ ಹೊಗೆ. (ನಮ್ಮನೇಲಿ ರೈಸ್ ಕುಕ್ಕರ್ ಹೀಗೇ ಹೋಯ್ತು, ಅನ್ನಾನೂ ಇಲ್ಲ ಕುಕ್ಕರೂ ಇಲ್ಲ)

ಹೊಸ ಚಾರ್ಜರ್ ತಗೊಳ್ಳೋದಾದ್ರೆ ಮೈಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಆರ್ ಅಂತ ಶುರುವಾಗೋ ನೋಂದಣಿ ನಂಬರ್ ಇದ್ಯಾ ನೋಡಿ. ಆ ನಂಬರನ್ನ ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿದ್ರೆ ತಯಾರಿಸಿದ ಕಂಪನಿ, ಬ್ರಾಂಡ್ ಹೆಸರು ಬರತ್ತೆ, ಚಾರ್ಜರ್ ಮೇಲಿರೋ ಬ್ರಾಂಡ್ ಅದ್ರಲ್ಲಿ ಇಲ್ದಿದ್ರೆ ವಾಪಸ್ ಇಟ್ಬಿಡಿ.

ಬೆಸುಗೆ ಭಟ್ಟ:
ಬೆಂಗಳೂರಿನ ಎಸ್‌ಪಿ ರೋಡಲ್ಲಿ ತಗೊಂಡ ಅಗ್ಗದ ಒಂದನ್ನ ನಾನು ಬಿಚ್ಚಿ ನೋಡಿದೀನಿ. 230 ವೋಲ್ಟ್ ಎಸಿ ಒಳಗೆ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗತ್ತೆ, ಆ ಕಡೆಗೂ ಕೈಗೆ ಸಿಗೋ 5 ವೋಲ್ಟ್ ಕಡೆಗೂ ನಡುವೆ ಬೋರ್ಡಲ್ಲಿ ಒಳ್ಳೇ ಅಂತರ ಬೇಕು, ಇದ್ರಲ್ಲಿ ಕೂದಲೆಳೆ ಅಷ್ಟು. ಫೋನ್ ಸೈಡು ಸ್ವಲ್ಪ ಜುಮ್ ಅನ್ನೋದು ಎರಡು ಪಿನ್ನಿನ ಒಳ್ಳೇ ಚಾರ್ಜರಲ್ಲೂ ಇರತ್ತೆ ಆದ್ರೆ ಕೈ ಹಿಂದೆಳ್ಕೊಳ್ಳೋ ಹಾಗೆ ಹೊಡೆದ್ರೆ ಕಸದ ಬುಟ್ಟಿಗೆ.

ಕೋಲಾರದ ಕೂಸು:
ಕೇಬಲ್ಲೂ ಹಂಗೇ ನೋಡ್ರಣ್ಣ. ಟ್ರಿಮ್ಮರಿಗೆ ಒಂದು ಕಡೆ ಎ ಇರೋದು ಯಾವ್ದಾದ್ರೂ ನಡೀತದೆ, ಲ್ಯಾಪ್‌ಟಾಪಿಗೆ 60 ವ್ಯಾಟ್ ದಾಟಿದ್ರೆ 5 ಆಂಪಿಯರಿನ ಇ-ಮಾರ್ಕರ್ ಚಿಪ್ (ಕೇಬಲ್ ಎಷ್ಟು ಕರೆಂಟ್ ತಡೀತದೆ ಅಂತ ಚಾರ್ಜರಿಗೆ ಹೇಳೋದು) ಇರೋದೇ ಬೇಕು.

ಕುಂದಾಪ್ರದ ಕುವರ:
ಭಟ್ರೇ, ಹಳೇ ಚಾರ್ಜರಿಗೆ ಹಾಕಿದ ಕೂಡ್ಲೇ ಕೆಂಪು ಲೈಟ್ ಬಂತು!! ಡ್ರೈಯರ್ ಲೇಬಲ್ಲಲ್ಲಿ 125 ಅಂತಷ್ಟೇ ಇದೆ, ಅಣ್ಣನ ಸೂಟ್‌ಕೇಸಿಗೇ ವಾಪಸ್ ಹಾಕಿದೀನಿ, ಅಮ್ಮಂಗೆ ಇನ್ನೂ ಹೇಳಿಲ್ಲ.