ವಿದೇಶದಲ್ಲಿ ಮೊಬೈಲ್ ಡೇಟಾ: ಕಡಿಮೆ ಖರ್ಚಿನ ದಾರಿ ಯಾವುದು?

ಹೊಸಪಯಣಿಗ:
ಫ್ರಾನ್ಸ್, ಸ್ವಿಟ್ಜರ್‌ಲೆಂಡ್, ಇಟಲಿ ಸುತ್ತುವ ಪ್ಲಾನ್ ಇದೆ, ಎರಡು ವಾರ. ನನ್ನ ಸಿಮ್‌ನ ರೋಮಿಂಗ್ ಪ್ಯಾಕ್ ರೇಟು ನೋಡಿ ಎದೆ ಧಸಕ್ಕೆಂದಿತು. ಮ್ಯಾಪ್, ವಾಟ್ಸ್‌ಆ್ಯಪ್, ರೈಲು ಟಿಕೆಟ್, ಇಷ್ಟಕ್ಕೆ ಡೇಟಾ ಇದ್ದರೆ ಸಾಕು. ಆದರೆ ಬ್ಯಾಂಕ್ ಒಟಿಪಿ ಈ ನಂಬರಿಗೇ ಬರುತ್ತದೆ, ಹಾಗಾಗಿ ಸಿಮ್ ತೆಗೆದಿಡಲು ಆಗುವುದಿಲ್ಲ. ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್) ಹಾಕಿಸಲಾ, ಅಲ್ಲೇ ಹೋಗಿ ಸಿಮ್ ಕೊಳ್ಳಲಾ?

ಜೋಡಿಸಿಮ್:
ಎರಡು ವಾರಕ್ಕಾದರೆ ಇ-ಸಿಮ್ಮೇ ಸಲೀಸು. ಮೊದಲು *#06# ಒತ್ತಿ ನೋಡಿ, ಇಐಡಿ ಅಂತ ಒಂದು ಉದ್ದ ನಂಬರ್ ಬಂದರೆ ನಿಮ್ಮ ಫೋನಿನಲ್ಲಿ ಇ-ಸಿಮ್ ನಡೆಯುತ್ತದೆ. ಫೋನ್ ಯಾವುದೇ ಕಂಪನಿಗೆ ಲಾಕ್ ಆಗಿರಬಾರದು, ಅಷ್ಟೇ. ಹೊರಡುವ ಮೊದಲೇ ವೈಫೈಯಲ್ಲಿ ಇನ್‌ಸ್ಟಾಲ್ ಮಾಡಿಕೊಳ್ಳಿ, ಅಲ್ಲಿ ಇಳಿದ ಮೇಲೆ ಅದನ್ನು ಡೌನ್‌ಲೋಡ್ ಮಾಡಲಿಕ್ಕೇ ನೆಟ್ ಬೇಕಾಗುತ್ತದೆ ಅಲ್ವಾ!

ಒಟಿಪಿ ವಿಷಯಕ್ಕೆ ಬಂದರೆ, ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ಜಾಸ್ತಿ ಜನ ಕಲಸಿಕೊಳ್ಳುತ್ತಾರೆ. ನಿಮ್ಮ ಸಿಮ್ ಕಂಪನಿಯಲ್ಲಿ ಅಂತಾರಾಷ್ಟ್ರೀಯ ರೋಮಿಂಗ್ ಸೇವೆ ಆನ್ ಇರಬೇಕು, ಇಲ್ಲದಿದ್ದರೆ ಎಸ್‌ಎಂಎಸ್ ಬರುವುದೇ ಇಲ್ಲ. ಆದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಳೇ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಇರಬೇಕು. ಇ-ಸಿಮ್ಮಿಗೆ ಮಾತ್ರ ಅದು ಆನ್. ಒಂದು ಸಿಮ್ಮಿನಿಂದ ಇನ್ನೊಂದಕ್ಕೆ ಡೇಟಾ ತಾನಾಗಿ ಬದಲಾಗುವ ಆಯ್ಕೆ ಇದ್ದರೆ ಅದನ್ನೂ ಮುಚ್ಚಿಬಿಡಿ. ಬರುವ ಎಸ್‌ಎಂಎಸ್‌ಗೆ ಹೆಚ್ಚಿನ ಕಂಪನಿಗಳು ದುಡ್ಡು ಹಾಕುವುದಿಲ್ಲ, ಕರೆ ಎತ್ತಿದರೆ ಹಾಕಬಹುದು. ವಾಟ್ಸ್‌ಆ್ಯಪ್ ಹಳೇ ನಂಬರಿನಲ್ಲೇ ನಡೆಯುತ್ತದೆ, ಬದಲಿಸುವುದು ಬೇಡ.

ಗಡಿದಾಟು:
ಒಂದು ಮಾತು. ಸ್ವಿಟ್ಜರ್‌ಲೆಂಡ್ ಐರೋಪ್ಯ ಒಕ್ಕೂಟದಲ್ಲಿ ಇಲ್ಲ. ಒಕ್ಕೂಟದೊಳಗೆ 2017ರ ಜೂನ್‌ನಿಂದ ರೋಮಿಂಗ್‌ಗೆ ಬೇರೆ ಶುಲ್ಕ ಇಲ್ಲ, ನಾರ್ವೆ, ಐಸ್‌ಲ್ಯಾಂಡ್ ಕೂಡ ಅದರಲ್ಲಿ ಸೇರುತ್ತವೆ. ಆದ್ದರಿಂದ ಫ್ರಾನ್ಸಿನಲ್ಲಿ ಕೊಂಡ ಸಿಮ್ ಇಟಲಿಯಲ್ಲಿ ನಡೆಯುತ್ತದೆ, ಆದರೆ ಸ್ವಿಟ್ಜರ್‌ಲೆಂಡಿಗೆ ಆ ನಿಯಮ ಅನ್ವಯಿಸುವುದಿಲ್ಲ. ಬ್ರಿಟನ್ನಿಗೂ ಅಷ್ಟೇ. 'ಯುರೋಪ್ ಪ್ಯಾಕ್' ಅಂತ ಹೆಸರಿದ್ದರೂ ದೇಶಗಳ ಪಟ್ಟಿ ತೆರೆದು ನೋಡಿಯೇ ಕೊಳ್ಳಿ.

ನಿಧಾನಸ್ಥ:
ಇ-ಸಿಮ್ ಎಲ್ಲಕ್ಕೂ ಮದ್ದಲ್ಲ. ಒಂದೇ ದೇಶದಲ್ಲಿ ತಿಂಗಳುಗಟ್ಟಲೆ ಇರುವವರಿಗೆ ಸಾಮಾನ್ಯವಾಗಿ ಅಲ್ಲಿನ ಸಿಮ್ಮೇ ಅಗ್ಗ, ಜೊತೆಗೆ ಅಲ್ಲಿನ ನಂಬರೂ ಸಿಗುತ್ತದೆ. ಪ್ರವಾಸಿಗರಿಗೆ ಮಾರುವ ಇ-ಸಿಮ್‌ಗಳಲ್ಲಿ ಬಹಳಷ್ಟು ಬರೀ ಡೇಟಾದವು. ಸಿಮ್ ಕೊಳ್ಳುವುದಾದರೆ ವಿಮಾನ ನಿಲ್ದಾಣದಲ್ಲಿ ಬೇಡ, ಊರೊಳಗೆ ಕೊಳ್ಳಿ, ಪಾಸ್‌ಪೋರ್ಟ್ ಜೊತೆಗಿರಲಿ. ನೀವು ಹೇಳಿದ ಕೆಲಸಕ್ಕೆ ದೊಡ್ಡ ಪ್ಯಾಕ್ ಸುಮ್ನೆ ದಂಡ. ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ, ಫೋಟೊ ಬ್ಯಾಕಪ್ಪನ್ನೂ ಆ್ಯಪ್ ಅಪ್‌ಡೇಟನ್ನೂ ವೈಫೈಗೆ ಮಾತ್ರ ಕಟ್ಟಿಹಾಕಿ. ಡೇಟಾ ಕುಡಿಯುವುದು ಅವೇ, ಮ್ಯಾಪ್ ಅಲ್ಲ.

ಹೊಸಪಯಣಿಗ:
ಇಐಡಿ ಬಂತು, ಥ್ಯಾಂಕ್ಸ್! ಜೊತೆಗೆ ಬರುವವರ ಫೋನ್ ಹಳೆಯದು. ನನ್ನ ಹಾಟ್‌ಸ್ಪಾಟ್ ಸಾಕಾಗುತ್ತದಾ?

ಜೋಡಿಸಿಮ್:
ಸಾಕು, ಆದರೆ ಕೆಲವು 'ಅನ್‌ಲಿಮಿಟೆಡ್' ಪ್ಲಾನ್‌ಗಳಲ್ಲಿ ಹಾಟ್‌ಸ್ಪಾಟ್ ಬಂದ್ ಇರುತ್ತದೆ, ಇನ್ನು ಕೆಲವದರಲ್ಲಿ ದಿನಕ್ಕೆ ಇಷ್ಟು ಅಂತ ಮುಗಿದ ಮೇಲೆ ವೇಗ ಕುಸಿಯುತ್ತದೆ. ಇಷ್ಟು ಜಿಬಿ ಅಂತ ನೇರವಾಗಿ ಹೇಳುವ ಪ್ಲಾನನ್ನೇ ತೆಗೆದುಕೊಳ್ಳಿ. ಮತ್ತೆ ಪ್ರವಾಸದ ನಡುವೆ ಇ-ಸಿಮ್ಮನ್ನು ಡಿಲೀಟ್ ಮಾಡಬೇಡಿ, ಎಷ್ಟೋ ಸಲ ಇನ್‌ಸ್ಟಾಲ್ ಮಾಡಲು ಕೊಟ್ಟ ಅದೇ ಕ್ಯುಆರ್ ಕೋಡ್ ಎರಡನೇ ಸಲ ನಡೆಯುವುದಿಲ್ಲ. ಬೇಡ ಅನಿಸಿದಾಗ ಆಫ್ ಮಾಡಿದರೆ ಆಯಿತು.