ಜೈಸಲ್ಮೇರ್‌ನ ಮಾಂಗಣಿಯಾರ್ ಗಾಯನವನ್ನು ಪ್ರವಾಸಿಗರು ಹೇಗೆ ಕೇಳಬೇಕು?

ಪ್ರಶ್ನೆ:
ಬರುವ ಜನವರಿಯಲ್ಲಿ ನಾವು ಕುಟುಂಬಸಮೇತ ರಾಜಸ್ಥಾನದ ಜೈಸಲ್ಮೇರ್‌ಗೆ ಹೋಗಲಿದ್ದೇವೆ. ಸಮ್ ಮರಳುದಿಬ್ಬಗಳ ಬಳಿಯ ಶಿಬಿರಗಳಲ್ಲಿ ರಾತ್ರಿ, ಅಲ್ಲಿನ ವಂಶಪಾರಂಪರ್ಯ ಗಾಯಕ ಸಮುದಾಯವಾದ ಮಾಂಗಣಿಯಾರರ ಜನಪದ ಸಂಗೀತವಿರುತ್ತದೆ. ಆದರೆ ಹೋಗಿಬಂದ ಬಂಧುಗಳ ವಿಡಿಯೊಗಳಲ್ಲಿ, ಕಲಾವಿದರು ಒಂದೆರಡು ಹಾಡು ಮುಗಿಸುವಷ್ಟರಲ್ಲೇ ಪ್ರವಾಸಿಗರು ಹಿಂದಿ ಚಿತ್ರಗೀತೆಗಳಿಗೆ ಒತ್ತಾಯಿಸುತ್ತಿದ್ದರು. ಅಲ್ಲಿನ ಪರಂಪರೆಯ ಸಂಗೀತವನ್ನು ನಿಶ್ಚಿಂತೆಯಿಂದ ಕೇಳುವ ದಾರಿ ಇದೆಯೇ? ಹಾಗೆ ಬಯಸುವುದು ಹೊರಗಿನವರ ಹಟವಾದೀತೇ?

ಉತ್ತರ 1:
ಹಟವೇನೂ ಅಲ್ಲ. ಮಾಂಗಣಿಯಾರರು ಮುಸ್ಲಿಮರು, ತಲೆಮಾರುಗಳಿಂದ ಅವರು ಹಾಡುತ್ತ ಬಂದಿರುವುದು ಬಹುಮಟ್ಟಿಗೆ ರಜಪೂತರೇ ಮೊದಲಾದ ಹಿಂದೂ ಯಜಮಾನರ, ಅಂದರೆ ಆಶ್ರಯದಾತರ, ಮನೆಗಳಲ್ಲಿ. ಮಗು ಹುಟ್ಟಿದಾಗ ಒಂದು ಬಗೆಯ ಹಾಡು, ಮದುವೆಯಲ್ಲಿ ಇನ್ನೊಂದು, ಜೊತೆಗೆ ಆ ಮನೆತನದ ವಂಶಾವಳಿಯ ಹೊಗಳಿಕೆ. ಹೀಗೆ ಕೇಳುಗರ ಬದುಕಿನೊಂದಿಗೇ ಬೆಳೆದ ಸಂಗೀತವನ್ನು ಪರಸ್ಪರ ಪರಿಚಯವಿಲ್ಲದ ಜನರ ಊಟದ ಗದ್ದಲದ ನಡುವೆ ತುಂಡರಿಸಿ ಹಾಡಿಸಿದರೆ, ಖರ್ತಾಲ್ ಎಂಬ ಮರದ ತಾಳವಾದ್ಯದ ವೇಗಕ್ಕೆ ಚಪ್ಪಾಳೆ ಬೀಳುತ್ತದೆಯೇ ಹೊರತು, ಮಾವಿನ ಮರದ ಬುರುಡೆಗೆ ಆಡಿನ ಚರ್ಮ ಬಿಗಿದು ಕಮಾನಿನಿಂದ ನುಡಿಸುವ ಕಮಾಯಚದ ಗಂಭೀರ ನಾದ ಯಾರ ಕಿವಿಗೂ ಬೀಳುವುದಿಲ್ಲ. ಹಮೀರಾ ಗ್ರಾಮದ ಸಾಕರ್ ಖಾನ್ ಅವರಿಗೆ 2012ರಲ್ಲಿ ಪದ್ಮಶ್ರೀ ತಂದುಕೊಟ್ಟ ವಾದ್ಯ ಅದು. ಅದನ್ನು ಕೇಳದೆ ಹಿಂದಿರುಗುವುದು ನಿಜಕ್ಕೂ ದೊಡ್ಡ ನಷ್ಟ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಚಿತ್ರಗೀತೆ ಕೇಳುವವರನ್ನು ಹೀಗಳೆಯಲಾರೆ. 1999ರಲ್ಲಿ ಹಿಂದಿ ಚಿತ್ರವೊಂದರಿಂದ ಮನೆಮಾತಾದ ‘ನಿಂಬೂಡಾ’ ಮೂಲತಃ ಮಾಂಗಣಿಯಾರರದೇ ಹಾಡು. 1960ರಲ್ಲಿ ರಾಜಸ್ಥಾನದ ಬೋರುಂದಾ ಗ್ರಾಮದಲ್ಲಿ ರೂಪಾಯನ ಸಂಸ್ಥಾನ ಎಂಬ ಜನಪದ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಕೋಮಲ್ ಕೊಠಾರಿ ಈ ಗಾಯಕರ ಹಾಡುಗಳನ್ನು ಧ್ವನಿಮುದ್ರಿಸಿ, ಅವರನ್ನು ದೇಶವಿದೇಶಗಳ ವೇದಿಕೆಗೆ ಕರೆದೊಯ್ದರು. ಅಪರಿಚಿತ ಕೇಳುಗರು ಅವರಿಗೆ ಹೊಸಬರಲ್ಲ. ಯಜಮಾನರ ಆಶ್ರಯವೊಂದನ್ನೇ ನಂಬಿ ಸಂಸಾರ ನಡೆಸಲಾಗದ ಈ ಕಾಲದಲ್ಲಿ ಪ್ರವಾಸಿಯ ಹಣವೂ ಅವರಿಗೆ ಬೇಕು. ನನ್ನ ಆಕ್ಷೇಪವಿರುವುದು ಹಾಡುವವರಿಗೆ ಬೆನ್ನು ತಿರುಗಿಸಿ ಹರಟುವುದಕ್ಕೆ, ಅನುಮತಿಯಿಲ್ಲದೆ ಮುಖದ ಹತ್ತಿರ ಮೊಬೈಲ್ ಹಿಡಿಯುವುದಕ್ಕೆ.

ಉತ್ತರ 3:
ಪ್ರಶ್ನೆ ಕೇಳಿದವರಿಗೆ ಒಂದು ಸಲಹೆ. ರಾತ್ರಿಯ ಕಾರ್ಯಕ್ರಮವನ್ನೇ ನೆಚ್ಚಿಕೊಳ್ಳದೆ, ಬೆಳಿಗ್ಗೆ ಧ್ವನಿವರ್ಧಕವಿಲ್ಲದ ಸಣ್ಣ ಬೈಠಕ್ಕಿಗೆ ಬರುವಿರಾ ಎಂದು ಕಲಾವಿದರನ್ನೇ ನೇರವಾಗಿ ಕೇಳಿ, ಸಂಭಾವನೆಯನ್ನು ಮೊದಲೇ ಮಾತನಾಡಿಕೊಂಡು ಅವರ ಕೈಗೇ ಕೊಡಿ. ಕಮಾಯಚ ನುಡಿಸುವವರು ಬರುತ್ತಾರೆಯೇ ಎಂದು ವಿಚಾರಿಸಿ. ರಾಜಸ್ಥಾನದ ಹೆಸರಾಂತ ಜನಪದ ಗೀತೆ ‘ಕೇಸರಿಯಾ ಬಾಲಮ್’ ಅನ್ನು ಎಲ್ಲರೂ ಕೇಳುತ್ತಾರೆ. ನೀವು ಮಳೆಯ ಹಾಡನ್ನೋ, ಮಗು ಹುಟ್ಟಿದಾಗ ಹಾಡುವುದನ್ನೋ ಕೇಳಿ, ಅದು ಮುಗಿಯುವವರೆಗೂ ಕುಳಿತುಕೊಳ್ಳಿ.